ನರರೋಗ ಸಂಶೋಧನೆಗೆ ಯಾರ ದುಡ್ಡು? ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಿದುಳು ಮತ್ತು ನರಮಂಡಲದ ಕಾಯಿಲೆಗಳ ಸಂಶೋಧನೆಗೆ ಸರ್ಕಾರ ಕೊಡುವ ಹಣದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಹಾಸನ, ಚಿಕ್ಕಮಗಳೂರು ಕಡೆಯಿಂದಲೇ ಹೆಚ್ಚು ಪತ್ರ ಬಂದಿವೆ. ಹಲವರು ಹಣದ ವಿಚಾರ ಬಿಟ್ಟು ಮನೆಯಲ್ಲಿರುವ ರೋಗಿಯ ವಿಚಾರವನ್ನೇ ಬರೆದಿದ್ದಾರೆ. ಅಂಥ ಪತ್ರಗಳನ್ನೂ ಬಿಟ್ಟಿಲ್ಲ.

ನನ್ನ ಮಗನಿಗೆ ಒಂಬತ್ತು ವರ್ಷ. ತಲೆಗೆ ಬಿಸಿನೀರು ಹುಯ್ದಾಗ ಮಾತ್ರ ಫಿಟ್ಸ್ ಬರುತ್ತದೆ, ಬೇರೆ ದಿನ ಆರಾಮಾಗಿರುತ್ತಾನೆ. ಡಾಕ್ಟರು 'ಬಿಸಿನೀರಿನ ಮೂರ್ಛೆ' ಅಂದರು. ಇಂಥದ್ದೊಂದು ಕಾಯಿಲೆ ನಿಜವಾಗಿಯೂ ಇದೆಯೇ? ಇದಕ್ಕೆ ಯಾರಾದರೂ ಸಂಶೋಧನೆ ಮಾಡುತ್ತಾರೆಯೇ?
— ಒಬ್ಬ ತಾಯಿ, ಹೊಳೆನರಸೀಪುರ

ಇದೆ ತಾಯಿ. ನಮ್ಮ ದಕ್ಷಿಣ ಕರ್ನಾಟಕದಲ್ಲೇ ಹೆಚ್ಚು ಇದೆ. ವೈದ್ಯಕೀಯ ಬರಹದಲ್ಲಿ ಇದು ಮೊದಲು ಕಾಣಿಸಿಕೊಂಡಿದ್ದು 1945ರಲ್ಲಿ, ನ್ಯೂಜಿಲೆಂಡಿನ ಒಬ್ಬ ರೋಗಿಯ ವಿವರವಾಗಿ. ಟರ್ಕಿ, ಜಪಾನ್‌ಗಳಲ್ಲೂ ವರದಿಯಾಗಿದೆ. ಆದರೆ ನೂರಾರು ರೋಗಿಗಳನ್ನು ಒಟ್ಟಿಗೆ ನೋಡಿ ಬರೆದವರು ಬೆಂಗಳೂರಿನ ನರರೋಗ ತಜ್ಞರು.

ಕಾರಣ ನಮ್ಮ ಬಚ್ಚಲಲ್ಲೇ ಇದೆ. ಹಂಡೆಯಲ್ಲಿ ಕಾಯಿಸಿದ 40ರಿಂದ 50 ಡಿಗ್ರಿ ಸೆಲ್ಸಿಯಸ್ ನೀರನ್ನು ಚೊಂಬಿನಿಂದ ಒಂದರ ಹಿಂದೊಂದು ನೇರ ನೆತ್ತಿಗೆ ಸುರಿಯುವುದು ನಮ್ಮ ತಲೆಸ್ನಾನದ ಕ್ರಮ. ಆ ಶಾಖ ಬೇಗ ಇಳಿಯದ ಮಿದುಳು ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ. ಮನೆತನದಲ್ಲಿ ಇದು ಹರಿದು ಬರುವುದೂ ಉಂಟು. ನಿಮ್ಹಾನ್ಸ್ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಇಂಥ ಕುಟುಂಬಗಳ ಡಿಎನ್‌ಎ ಪರೀಕ್ಷಿಸಿ 4 ಮತ್ತು 10ನೇ ಕ್ರೋಮೋಸೋಮುಗಳಲ್ಲಿ ಇದರ ಜಾಡು ಕಂಡಿದ್ದಾರೆ. ಎರಡೂ ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗಳು. ಶವರ್ ಕೆಳಗೆ ನಿಲ್ಲುವ ದೇಶದ ಔಷಧ ಕಂಪನಿ ನಮ್ಮ ಹಂಡೆಯ ನೀರಿನ ಮೇಲೆ ದುಡ್ಡು ಹಾಕುವುದಿಲ್ಲ. ಸರ್ಕಾರ ಹಾಕಬೇಕು, ಇಲ್ಲದಿದ್ದರೆ ಯಾರೂ ಹಾಕುವುದಿಲ್ಲ.

ಈಗ ಮನೆಯ ಮಾತು. ನೀರು ಉಗುರು ಬೆಚ್ಚಗಿರಲಿ, ಮೈಯ ಬಿಸಿಗಿಂತ ಹೆಚ್ಚಾಗದಿರಲಿ. ಕೈ ಅಂದಾಜು ನಂಬಬೇಡಿ. ದಿನಾ ನೀರೊಲೆ ಮುಂದೆ ಇರುವ ಕೈಗೆ 45 ಡಿಗ್ರಿ ಕೂಡ 'ಬೆಚ್ಚಗೆ' ಅನ್ನಿಸುತ್ತದೆ. ನೀರಿನ ಥರ್ಮಾಮೀಟರ್ ಒಂದು ತಂದಿಟ್ಟುಕೊಳ್ಳಿ. ಮೈ ಸ್ನಾನ ಬೇರೆ ದಿನ, ತಲೆಸ್ನಾನ ಬೇರೆ ದಿನ ಮಾಡಿಸಿ. ನೆತ್ತಿಗೆ ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿ ತೊಳೆಯಿರಿ. ಹಂಡೆ, ನೀರೊಲೆಯಿಂದ ದೂರ ಕೂರಿಸಿ. ಈ ಕಾಯಿಲೆಯಲ್ಲಿ ಫಿಟ್ಸ್‌ನಷ್ಟೇ ಸುಟ್ಟ ಗಾಯದ ಭಯವೂ ಇದೆ. ಬಾಗಿಲಿಗೆ ಚಿಲಕ ಬೇಡ.

ಇನ್ನೊಂದು ಸೂಕ್ಷ್ಮ. ಕೆಲವು ಮಕ್ಕಳಿಗೆ ಫಿಟ್ಸ್ ಶುರುವಾಗುವ ಹೊತ್ತಿಗೆ ಒಂಥರಾ ಹಿತ ಅನ್ನಿಸಿ, ಸಾಕು ಅಂದರೂ ನಿಲ್ಲಿಸದೆ ಸುರಿದುಕೊಳ್ಳುತ್ತಲೇ ಇರುತ್ತಾರೆ. ಅದು ಹಟವಲ್ಲ, ಫಿಟ್ಸಿನ ಮೊದಲ ಗುರುತು. ಬಯ್ಯದೆ ಚೊಂಬು ಕಿತ್ತುಕೊಳ್ಳಿ.

ನೀರಿನ ಬಿಸಿ ಇಳಿಸಿದರೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದು, ಒಂದೂವರೆ ಗಂಟೆ ಮೊದಲು ಕ್ಲೋಬಜಾಂ ಮಾತ್ರೆ ಕೊಡುವ ಕ್ರಮವಿದೆ. ಎಷ್ಟು ಮಿಲಿಗ್ರಾಂ ಎಂಬುದನ್ನು ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು. ಸ್ನಾನವಿಲ್ಲದ ಹೊತ್ತಿನಲ್ಲೂ ಫಿಟ್ಸ್ ಬರಲು ಶುರುವಾದರೆ ದಿನವಹಿ ಮಾತ್ರೆ ಬೇಕಾಗುತ್ತದೆ, ತಡಮಾಡಬೇಡಿ. ಫಿಟ್ಸ್ ಬಂದಾಗ ಮಗುವನ್ನು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಇಡಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೈಯಲ್ಲಿ ಕಬ್ಬಿಣ ಹಿಡಿಸುವುದರಿಂದ, ಈರುಳ್ಳಿ ಮೂಸಿಸುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಅದು ತಾನಾಗಿ ನಿಲ್ಲುವ ಹೊತ್ತಿಗೆ ಕಬ್ಬಿಣ ಕೈಯಲ್ಲಿರುತ್ತದೆ, ಅಷ್ಟೇ.

ನರರೋಗ ಸಂಶೋಧನೆಗೆ ಕೇಂದ್ರ ಸರ್ಕಾರ ವರ್ಷಕ್ಕೆ ಎಷ್ಟು ಕೊಡುತ್ತದೆ? ಬಜೆಟ್ ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ.
— ನಿವೃತ್ತ ಶಿಕ್ಷಕರು, ಚಿಕ್ಕಮಗಳೂರು

ಸಿಗುವುದಿಲ್ಲ ಮೇಷ್ಟ್ರೇ. 'ಮಿದುಳು' ಎಂಬ ಹೆಸರಿನ ಸಾಲೇ ಬಜೆಟ್ಟಿನಲ್ಲಿಲ್ಲ. ಹಣ ನಾಲ್ಕೈದು ಕಾಲುವೆಗಳಲ್ಲಿ ಹರಿಯುತ್ತದೆ. ಆರೋಗ್ಯ ಸಂಶೋಧನಾ ಇಲಾಖೆಯ ಅಡಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್ ಇದೆ. 1911ರಲ್ಲಿ ಬೇರೆ ಹೆಸರಿನಿಂದ ಶುರುವಾದ ಸಂಸ್ಥೆ ಅದು. ಜೈವಿಕ ತಂತ್ರಜ್ಞಾನ ಇಲಾಖೆ ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರಕ್ಕೆ ಕೊಡುತ್ತದೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಇನ್ನೆರಡು ಕಾಲುವೆ. ನಿಮ್ಹಾನ್ಸಿಗೆ ಆರೋಗ್ಯ ಸಚಿವಾಲಯದಿಂದ ನೇರ ಅನುದಾನ ಬರುತ್ತದೆ, ಆದರೆ ಅದರಲ್ಲೇ ಚಿಕಿತ್ಸೆ, ಪಾಠ, ಸಂಬಳ, ಸಂಶೋಧನೆ ಎಲ್ಲ ನಡೆಯಬೇಕು. ಅಷ್ಟನ್ನೂ ಸಂಶೋಧನೆಯ ಹಣ ಎಂದು ಲೆಕ್ಕ ಹಾಕುವುದು ತಪ್ಪು. ಪತ್ರಿಕೆಗಳು ಆಗಾಗ ಮಾಡುವ ತಪ್ಪು ಇದು.

ಒಂದು ಅಳತೆ ಕೊಡಬಹುದು. 2025–26ರ ಬಜೆಟ್ಟಿನಲ್ಲಿ ಆರೋಗ್ಯ ಸಚಿವಾಲಯಕ್ಕೆ ಸುಮಾರು 99,859 ಕೋಟಿ ರೂ. ಇತ್ತು. ಅದರಲ್ಲಿ ಆರೋಗ್ಯ ಸಂಶೋಧನಾ ಇಲಾಖೆಯ ಪಾಲು ಸುಮಾರು 3,901 ಕೋಟಿ. ಕ್ಷಯ, ಕ್ಯಾನ್ಸರ್, ಮಲೇರಿಯಾ, ಮಿದುಳು ಎಲ್ಲಕ್ಕೂ ಸೇರಿ. 140 ಕೋಟಿ ಜನರಿಗೆ ಹಂಚಿದರೆ ತಲೆಗೆ 28 ರೂಪಾಯಿ. ಚಿಕ್ಕಮಗಳೂರಿನಲ್ಲೇ ಕೂತು ಕುಡಿದರೂ ವರ್ಷಕ್ಕೆ ಎರಡು ಕಾಫಿ. ದೇಶದ ಎಲ್ಲ ಬಗೆಯ ಸಂಶೋಧನೆಯ ಖರ್ಚು, ಖಾಸಗಿಯವರದ್ದೂ ಸೇರಿ, 2020–21ರಲ್ಲಿ ಜಿಡಿಪಿಯ ಶೇ 0.64ರಷ್ಟಿತ್ತು.

ಖಾಸಗಿ ಹಣ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ನಿಂತಿರುವುದು ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಕುಟುಂಬ ಕೊಟ್ಟ 225 ಕೋಟಿ ರೂ. ದಾನದ ಮೇಲೆ. ವಯಸ್ಸಾದಂತೆ ಮರೆವು ಹೇಗೆ ಬರುತ್ತದೆ ಎಂದು ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಅಲ್ಲಿಂದ ನಡೆಯುತ್ತಿದೆ. ದಾನಿ ಮರೆವಿನ ಕಾಯಿಲೆ ಆರಿಸಿದರೆ ಮರೆವಿನ ಮೇಲೆ ಕೆಲಸ. ಬಿಸಿನೀರಿನ ಮೂರ್ಛೆಯನ್ನು ಆರಿಸುವ ದಾನಿಗೆ ಕಾಯುತ್ತ ಕೂರಲಾಗದು.

ಮೆಡಿಕಲ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮೂರ್ಛೆರೋಗದ ಸಮೀಕ್ಷೆ ಮಾಡಬೇಕೆಂದಿದ್ದೇನೆ. ಐಸಿಎಂಆರ್‌ಗೆ ಒಮ್ಮೆ ಅರ್ಜಿ ಹಾಕಿ ತಿರಸ್ಕೃತವಾಯಿತು. ಎಲ್ಲಿ ತಪ್ಪಿರಬಹುದು?
— ಹಾಸನ

ನೀವು ಕಳಿಸಿದ ಸಾರಾಂಶ ಓದಿದೆವು. ಮುಖ್ಯ ತಪ್ಪು ಎರಡನೇ ಪುಟದಲ್ಲೇ ಇದೆ ಮೇಡಂ: 'ಹಾಸನ ಜಿಲ್ಲೆಯ 1,000 ಜನರನ್ನು ಪರೀಕ್ಷಿಸಲಾಗುವುದು.' ಈ ಸಾವಿರ ಎಲ್ಲಿಂದ ಬಂತು?

ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸಿನವರು 1,02,557 ಜನರನ್ನು ಮನೆಮನೆಗೆ ಹೋಗಿ ನೋಡಿದ ಸಮೀಕ್ಷೆ 2004ರಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ ಮೂರ್ಛೆರೋಗ ಹಳ್ಳಿಯಲ್ಲಿ ಸಾವಿರಕ್ಕೆ 11.9, ನಗರದಲ್ಲಿ 5.7. ಎಲ್ಲ ನರರೋಗ ಸೇರಿಸಿದರೂ ಹಳ್ಳಿಯ ಹೊರೆ ನಗರದ ಹೆಚ್ಚುಕಡಿಮೆ ಎರಡರಷ್ಟು. ಈ ಲೆಕ್ಕದಲ್ಲಿ ನಿಮ್ಮ ಸಾವಿರ ಜನರಲ್ಲಿ ಸಿಗುವುದು ಹನ್ನೆರಡು ರೋಗಿಗಳು. ಹನ್ನೆರಡು ಜನರಿಂದ 'ಚಿಕಿತ್ಸೆ ಬಿಡಲು ಕಾರಣಗಳೇನು' ಎಂಬ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಹೊರಡದು. ನೂರು ರೋಗಿ ಬೇಕೆಂದರೆ ಸುಮಾರು 8,400 ಜನರನ್ನು ನೋಡಬೇಕು. ಮನೆಗೆ ನಾಲ್ವರಂತೆ 2,100 ಮನೆ. ಒಬ್ಬರು ದಿನಕ್ಕೆ 15 ಮನೆ ಮುಗಿಸಿದರೆ 140 ಕೆಲಸದ ದಿನ. ಈ ನಾಲ್ಕು ಸಾಲು ಅರ್ಜಿಯಲ್ಲಿದ್ದರೆ ಪರಿಶೀಲಕರು ಮುಂದಿನ ಪುಟಕ್ಕೆ ಹೋಗುತ್ತಾರೆ. ಅರ್ಜಿ ಬರೆಯುವ ಮೊದಲೇ ಸಂಖ್ಯಾಶಾಸ್ತ್ರ ಬಲ್ಲವರನ್ನು ಸಹ ಸಂಶೋಧಕರಾಗಿ ಸೇರಿಸಿಕೊಳ್ಳಿ, ದತ್ತಾಂಶ ಬಂದ ಮೇಲೆ ಅಲ್ಲ.

ಕ್ಷೇತ್ರಕಾರ್ಯದ ಕ್ಯಾಲೆಂಡರೂ ಸರಿಯಿಲ್ಲ. ಸಕಲೇಶಪುರ, ಬೇಲೂರು ಕಡೆಯ ತೋಟಗಳನ್ನು ನವೆಂಬರಿನಿಂದ ಮಾರ್ಚಿಗೆ ಇಟ್ಟಿದ್ದೀರಿ. ಅರೇಬಿಕಾ ಕೊಯ್ಲು ಮುಗಿಯುವುದರೊಳಗೆ ರೊಬಸ್ಟಾ ಶುರುವಾಗುತ್ತದೆ. ಹಗಲು ಲೈನ್ ಮನೆಗಳಿಗೆ ಬೀಗ, ಹೊರಗಿನಿಂದ ಬಂದ ಕೆಲಸಗಾರರು ಕೊಯ್ಲು ಮುಗಿದೊಡನೆ ಊರಿಗೆ. ಎರಡನೇ ಭೇಟಿಗೆ ಯಾರೂ ಸಿಗುವುದಿಲ್ಲ. ಬಯಲುಸೀಮೆಯ ಅರಸೀಕೆರೆ, ಚನ್ನರಾಯಪಟ್ಟಣವನ್ನು ಆಗ ಮುಗಿಸಿಕೊಂಡು ಮಲೆನಾಡನ್ನು ಏಪ್ರಿಲ್, ಮೇಗೆ ಇಡಿ. ಜೂನ್ ಬಂದರೆ ಮಳೆ.

ಇನ್ನು ಬಜೆಟ್. ಐಸಿಎಂಆರ್‌ನ ಸಣ್ಣ ಅನುದಾನದ ಮಿತಿ 2 ಕೋಟಿ ರೂ., ಮಧ್ಯಮದ್ದು 8 ಕೋಟಿ. ಜಿಲ್ಲಾ ಸಮೀಕ್ಷೆಗೆ ಸಣ್ಣದು ಧಾರಾಳ ಸಾಕು. ಜೂನಿಯರ್ ರಿಸರ್ಚ್ ಫೆಲೋಗೆ ನೀವು ಹಳೆಯ ದರವೇ ಹಾಕಿದ್ದೀರಿ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂ., ಮನೆಬಾಡಿಗೆ ಭತ್ಯೆ ಬೇರೆ. ರಕ್ತದ ಮಾದರಿ ಇಡುವ ಡೀಪ್ ಫ್ರೀಜರಿಗೆ ಶೇ 5ರ ಜಿಎಸ್‌ಟಿ ಹಿಡಿದಿದ್ದೀರಿ. ಸಂಶೋಧನಾ ಸಂಸ್ಥೆಗಳಿಗಿದ್ದ ಆ ರಿಯಾಯಿತಿ 2022ರ ಜುಲೈನಲ್ಲೇ ಹೋಯಿತು. 10 ಲಕ್ಷದ ಫ್ರೀಜರ್ ಎಂದಿಟ್ಟುಕೊಂಡರೆ ತೆರಿಗೆ 50 ಸಾವಿರವಲ್ಲ, ಶೇ 18ರ ದರದಲ್ಲಿ 1.8 ಲಕ್ಷ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವ ಈ ಲೆಕ್ಕ ನಮಗೂ ಅರ್ಥವಾಗುವುದಿಲ್ಲ, ಆದರೆ ಬಜೆಟ್ಟಿನಲ್ಲಿ ಬರೆಯಲೇಬೇಕು. ಜೊತೆಗೆ ವಾರ್ಷಿಕ ನಿರ್ವಹಣೆ ಒಪ್ಪಂದ, ಕರೆಂಟ್ ಹೋದಾಗ ಫ್ರೀಜರನ್ನು ಹೊರುವ ಜನರೇಟರ್ ಸಾಲು ಸೇರಿಸಿ. ಮೈನಸ್ 80 ಡಿಗ್ರಿಯಲ್ಲಿಟ್ಟ ಮಾದರಿ ಒಮ್ಮೆ ಕರಗಿದರೆ ಮತ್ತೆ ಹೆಪ್ಪುಗಟ್ಟಿಸಿ ಪ್ರಯೋಜನವಿಲ್ಲ.

ಹಣ ಮಂಜೂರಾದ ಮೇಲೂ ಕಾಡುವುದು ಮಾರ್ಚ್ 31. ಕಂತು ತಡವಾಗಿ ಜನವರಿಯಲ್ಲಿ ಬಂದರೂ ಖರ್ಚಿನ ಲೆಕ್ಕ ಮಾರ್ಚಿಗೇ. ಬಂದ ಹಣ ಹೇಗೆ ಖರ್ಚಾಯಿತೆಂದು ತೋರಿಸುವ ವಿನಿಯೋಗ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬಿಡುಗಡೆಯಾಗದು. ಕಾಲೇಜಿನ ಲೆಕ್ಕಪತ್ರ ವಿಭಾಗದಲ್ಲಿ ನಿಮ್ಮ ಕಡತ ನೋಡುವವರು ಯಾರು ಎಂದು ಮೊದಲ ವಾರವೇ ತಿಳಿದುಕೊಳ್ಳಿ. ಖರೀದಿಯಲ್ಲಿ ಒಂದು ಸಮಾಧಾನ: 2025ರ ಜೂನಿನಲ್ಲಿ ಕೇಂದ್ರದ ವಿಜ್ಞಾನ ಸಂಸ್ಥೆಗಳಿಗೆ ಕೊಟೇಶನ್ ಇಲ್ಲದೆ ನೇರ ಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದ್ದಾರೆ. ರಾಜ್ಯದ ಕಾಲೇಜಿಗೆ ಅದು ಅನ್ವಯಿಸುವುದೇ ಎಂದು ಪ್ರಾಂಶುಪಾಲರಿಂದ ಲಿಖಿತವಾಗಿ ತೆಗೆದುಕೊಂಡೇ ಮುಂದುವರಿಯಿರಿ. ಸಂಶೋಧನೆಯ ನೀತಿ ಪರಿಶೀಲಿಸುವ ಎಥಿಕ್ಸ್ ಕಮಿಟಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿದೆಯೇ, ಅವಧಿ ಮುಗಿದಿದೆಯೇ, ಅದನ್ನೂ ನೋಡಿ.

ಕೊನೆಯದಾಗಿ, ಪ್ರಶ್ನಾವಳಿಯ 'ನಿಮ್ಮ ಮನೆಯಲ್ಲಿ ಯಾರಿಗಾದರೂ ಮೂರ್ಛೆರೋಗ ಇದೆಯೇ?' ಎಂಬ ಪ್ರಶ್ನೆಗೆ ಮದುವೆಯಾಗದ ಹುಡುಗಿಯಿರುವ ಮನೆಯಲ್ಲಿ 'ಇಲ್ಲ' ಎಂದೇ ಉತ್ತರ ಬರುತ್ತದೆ. 'ಯಾರಿಗಾದರೂ ಯಾವಾಗಲಾದರೂ ಪ್ರಜ್ಞೆ ತಪ್ಪಿ ಕೈಕಾಲು ಸೆಟೆದಿತ್ತೇ? ತಲೆಸ್ನಾನದ ಹೊತ್ತಿನಲ್ಲಿ?' ಎಂದು ಕೇಳಿ.

ಮಂಗನ ಕಾಯಿಲೆಗೆ ಇಷ್ಟು ವರ್ಷವಾದರೂ ಸರಿಯಾದ ಲಸಿಕೆ ಯಾಕಿಲ್ಲ? ಇದು ಮಿದುಳಿಗೂ ಏರುತ್ತದೆ ಎನ್ನುತ್ತಾರೆ, ನಿಜವೇ?
— ಅಡಿಕೆ ಬೆಳೆಗಾರರು, ಕೊಪ್ಪ

ನಿಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಉಣುಗಿನ ಕಡಿತದಿಂದ ಬರುತ್ತದೆ. ಹೆಚ್ಚಿನವರಲ್ಲಿ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಹತ್ತರಲ್ಲಿ ಒಬ್ಬಿಬ್ಬರಿಗೆ ಜ್ವರ ಬಿಟ್ಟು, ಮೂರನೇ ವಾರದ ಹೊತ್ತಿಗೆ ಮತ್ತೆ ಬರುತ್ತದೆ. ಆಗ ವಿಪರೀತ ತಲೆನೋವು, ಕೈ ನಡುಕ, ಕಣ್ಣು ಮಂಜು, ಬಡಬಡಿಕೆ. 'ಜ್ವರ ಬಿಟ್ಟಿತು' ಎಂದು ತೋಟಕ್ಕೆ ಹೊರಟವರು ಈ ಎರಡನೇ ಸುತ್ತಿನಲ್ಲಿ ಸಿಕ್ಕಿಬೀಳುತ್ತಾರೆ.

ಹಳೆಯ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಬಾರಿ, ಆಮೇಲೆ ಆರರಿಂದ ಒಂಬತ್ತು ತಿಂಗಳೊಳಗೆ ಒಂದು ಸಲ, ಆಮೇಲೆ ವರ್ಷವರ್ಷ ಹಾಕಿಸಿಕೊಳ್ಳಬೇಕಿತ್ತು. ನೋವು ಜಾಸ್ತಿ, ರಕ್ಷಣೆ ಕಡಿಮೆ. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದನ್ನು ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ರೂಪಿಸುತ್ತಿದೆ. ತಡವಾಗಲು ಕಾರಣ ವಿಜ್ಞಾನಕ್ಕಿಂತ ಹೆಚ್ಚಾಗಿ ಮಾರುಕಟ್ಟೆ. ಐದು ರಾಜ್ಯಗಳ ಕಾಡಂಚಿನ ಜನ ಮಾತ್ರ ಕೊಳ್ಳುವ ಲಸಿಕೆಯಿಂದ ಕಂಪನಿಗೆ ಲಾಭವಿಲ್ಲ. ಇದಕ್ಕೆ ಎದುರು ಉದಾಹರಣೆ ಮೆದುಳುಜ್ವರದ ಲಸಿಕೆ ಜೆನ್‌ವ್ಯಾಕ್. 1981ರಲ್ಲಿ ಕೋಲಾರದ ರೋಗಿಯೊಬ್ಬರಿಂದ ಸಿಕ್ಕ ವೈರಸ್ಸನ್ನು ಪುಣೆಯ ಸರ್ಕಾರಿ ವೈರಾಣು ಸಂಸ್ಥೆ ಕಾಪಾಡಿಟ್ಟಿತ್ತು, ಭಾರತ್ ಬಯೋಟೆಕ್ ಅದರಿಂದ ಲಸಿಕೆ ಮಾಡಿತು, 2013ರಲ್ಲಿ ಬಳಕೆಗೆ ಬಂತು. ದೇಶದ ಹಲವು ರಾಜ್ಯಗಳ ಮಕ್ಕಳಿಗೆ ಬೇಕಾದ ಲಸಿಕೆಯಾದ್ದರಿಂದ ಕಂಪನಿ ಕೈಹಾಕಿತು. ಹಾಗಿದ್ದೂ ಮೂವತ್ತೆರಡು ವರ್ಷ.

ಅಲ್ಲಿಯವರೆಗೆ: ಡಿಸೆಂಬರಿನಿಂದ ಮೇ ತನಕ ಸೊಪ್ಪು, ದರಗು ತರಲು ಹೋಗುವ ಮೊದಲು ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ.

ಸೆರೆಬ್ರಲ್ ಪಾಲ್ಸಿ ಇರುವ ಮೊಮ್ಮಗಳಿಗೆ 'ಸ್ಟೆಮ್ ಸೆಲ್ ಸಂಶೋಧನಾ ಚಿಕಿತ್ಸೆ' ಎಂದು ಒಂದು ಕಡೆ ಮೂರು ಲಕ್ಷ ಕೇಳಿದ್ದಾರೆ. ಜಮೀನು ಅಡ ಇಡಬೇಕೆಂದಿದ್ದೇವೆ.
— ಅರಸೀಕೆರೆ

ಇಡಬೇಡಿ ಅಜ್ಜ. ಸಂಶೋಧನೆ ಅಂದಮೇಲೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಹಣ ಪಡೆದರೆ ಅದು ಸಂಶೋಧನೆಯಲ್ಲ. ಐಸಿಎಂಆರ್‌ನ 2017ರ ಸ್ಟೆಮ್ ಸೆಲ್ ಮಾರ್ಗಸೂಚಿ ರಕ್ತಸಂಬಂಧಿ ಕೆಲವು ಕಾಯಿಲೆಗಳಿಗೆ ಬಿಟ್ಟು ಉಳಿದದ್ದಕ್ಕೆ ಇದನ್ನು ಚಿಕಿತ್ಸೆಯಾಗಿ ಒಪ್ಪಿಲ್ಲ.

ಅವರನ್ನು ಒಂದೇ ಒಂದು ಕೇಳಿ: 'ಸಿಟಿಆರ್‌ಐ ನಂಬರ್ ಕೊಡಿ.' ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳೆಲ್ಲ 2009ರ ಜೂನಿನಿಂದ ಈ ನೋಂದಣಿ ಪುಸ್ತಕದಲ್ಲಿ ಮೊದಲೇ ದಾಖಲಾಗಬೇಕು. ನಂಬರಿನಲ್ಲಿ ವರ್ಷ, ತಿಂಗಳು, ಕ್ರಮಸಂಖ್ಯೆ ಇರುತ್ತವೆ. ಓದು ಬರುವ ಮೊಮ್ಮಕ್ಕಳಿಂದ ಸಿಟಿಆರ್‌ಐ ಜಾಲತಾಣದಲ್ಲಿ ಹುಡುಕಿಸಿ: ಅದೇ ಆಸ್ಪತ್ರೆ ಇದೆಯೇ, ಹಣ ಕೊಡುವವರು ಯಾರು, ನಿಮ್ಮ ಮಗುವಿನ ವಯಸ್ಸು ಸೇರುತ್ತದೆಯೇ. ನಿಜವಾದ ಪ್ರಯೋಗದಲ್ಲಿ ಕನ್ನಡದಲ್ಲಿ ಬರೆದ ಮಾಹಿತಿ ಪತ್ರ ಕೈಗೆ ಕೊಡುತ್ತಾರೆ, ಮನೆಗೆ ಒಯ್ದು ಯೋಚಿಸಲು ಬಿಡುತ್ತಾರೆ, ಯಾವಾಗ ಬೇಕಾದರೂ ಹೊರಬರಬಹುದು, ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಅವರದ್ದೇ. 'ನಾಳೆಯೊಳಗೆ ಕಟ್ಟಿ, ಸೀಟು ಮುಗಿಯುತ್ತದೆ' ಎಂದರೆ ಎದ್ದು ಬನ್ನಿ.

ಮೊಮ್ಮಗಳಿಗೆ ಬೇಕಾದದ್ದು ದಿನವಹಿ ಫಿಸಿಯೋಥೆರಪಿ. ಅದು ನಿಧಾನ, ಆದರೆ ಅದರಿಂದ ಮಗು ಕೂರುತ್ತದೆ, ಉಣ್ಣುತ್ತದೆ.

ನಸುಗುನ್ನಿ ಬೀಜ ಪಾರ್ಕಿನ್ಸನ್ ಕಾಯಿಲೆಗೆ ಔಷಧ ಹೌದೇ? ನಮ್ಮ ಬೇಲಿ ತುಂಬ ಇದೆ.
— ಬೇಲೂರು

ಪಾರ್ಕಿನ್ಸನ್ನಿಗೆ ಕೊಡುವ ಲೆವೊಡೋಪಾ ಆ ಬೀಜದಲ್ಲಿ ಸಹಜವಾಗಿಯೇ ಇದೆ. ಸಮಸ್ಯೆ ಪ್ರಮಾಣದ್ದು. ಗಿಡದಿಂದ ಗಿಡಕ್ಕೆ ಅಂಶ ಬೇರೆ, ಲೆವೊಡೋಪಾ ಮಿದುಳು ಸೇರುವ ಮೊದಲೇ ವ್ಯರ್ಥವಾಗದಂತೆ ಮಾತ್ರೆಯಲ್ಲಿ ಜೊತೆಗಿಟ್ಟಿರುವ ಕಾರ್ಬಿಡೋಪಾ ಬೀಜದಲ್ಲಿಲ್ಲ. ಮಾತ್ರೆ ತಿನ್ನುವವರು ಪುಡಿಯನ್ನೂ ತಿಂದರೆ ವಾಂತಿ, ರಕ್ತದೊತ್ತಡ ಇಳಿತ, ಇಲ್ಲದ್ದು ಕಾಣುವುದು ಆಗಬಹುದು. ಬೇಲಿಯಲ್ಲೇ ಇರಲಿ.

ನಾನು ಸತ್ತ ಮೇಲೆ ಮಿದುಳು ದಾನ ಮಾಡಬಹುದೇ?
— ಕಡೂರು

ಮಾಡಬಹುದು. ನಿಮ್ಹಾನ್ಸಿನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಇದು ಇನ್ನೊಬ್ಬರಿಗೆ ಜೋಡಿಸಲು ಅಲ್ಲ, ಸಂಶೋಧನೆಗೆ. ಒಂದಷ್ಟು ಭಾಗ ಫಾರ್ಮಲಿನ್‌ನಲ್ಲಿ, ಉಳಿದದ್ದು ಅತಿಶೀತಲದಲ್ಲಿ. ಕಾಯಿಲೆ ಇಲ್ಲದವರ ಮಿದುಳೂ ಹೋಲಿಕೆಗೆ ಬೇಕು. ಮುಖ ಕೆಡುವುದಿಲ್ಲ, ದೇಹ ಮನೆಯವರಿಗೆ ಮರಳುತ್ತದೆ. ತೊಡಕು ಎರಡೇ. ಹೊತ್ತು ಕಳೆದಷ್ಟೂ ಮಿದುಳು ಕೆಡುತ್ತದೆ, ಹಾಗಾಗಿ ದೇಹವನ್ನು ಶವಾಗಾರದ ಶೀತಲ ಪೆಟ್ಟಿಗೆಯಲ್ಲಿಟ್ಟು ಕೂಡಲೇ ಸಾಗಿಸಬೇಕು. ಎರಡನೆಯದು, ನೀವು ಬರೆದಿಟ್ಟರೂ ಕೊನೆಯ ಒಪ್ಪಿಗೆ ಮನೆಯವರದ್ದು. ಮಕ್ಕಳಿಗೆ ಈಗಲೇ ಹೇಳಿಡಿ.

ಸಂಶೋಧನೆಗೆ ಬಂದ ಹಣ ಏನಾಯಿತು ಎಂದು ಸಾಮಾನ್ಯರು ಕೇಳಬಹುದೇ?
— ತರೀಕೆರೆ

ಮಾಹಿತಿ ಹಕ್ಕು ಕಾಯ್ದೆ 2005ರಡಿ ಕೇಳಬಹುದು. ಕೇಂದ್ರದ ಸಂಸ್ಥೆಯಾದರೆ 10 ರೂ. ಪೋಸ್ಟಲ್ ಆರ್ಡರ್ ಇಟ್ಟು ಅಂಚೆಯಲ್ಲಿ, ಇಲ್ಲವೇ ಆನ್‌ಲೈನಿನಲ್ಲಿ. ರಾಜ್ಯದ ಕಚೇರಿಗಾದರೆ ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದ ಮೀರಬಾರದು. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ.

'ನಮ್ಮ ಜಿಲ್ಲೆಗೆ ಯಾಕೆ ಕೊಟ್ಟಿಲ್ಲ?' ಎಂದು ಬರೆದರೆ ಅದು ಮಾಹಿತಿಯಲ್ಲ, ಅಭಿಪ್ರಾಯ ಎಂದು ವಾಪಸ್ ಬರುತ್ತದೆ. ದಾಖಲೆ ಕೇಳಿ: 'ಇಂತಿಂಥ ಆರ್ಥಿಕ ವರ್ಷದಲ್ಲಿ ಕರ್ನಾಟಕದ ಸಂಸ್ಥೆಗಳಿಗೆ ನರರೋಗ ವಿಷಯದಲ್ಲಿ ಮಂಜೂರಾದ ಯೋಜನೆಗಳ ಹೆಸರು, ಸಂಸ್ಥೆ, ಮಂಜೂರಾದ ಮೊತ್ತ, ಬಿಡುಗಡೆಯಾದ ಮೊತ್ತ, ವಿನಿಯೋಗ ಪ್ರಮಾಣಪತ್ರದ ಪ್ರತಿ.' ಮಂಜೂರು ಮತ್ತು ಬಿಡುಗಡೆ ಎರಡನ್ನೂ ಕೇಳುವುದು ಮರೆಯಬೇಡಿ. ಕಥೆ ಇರುವುದು ಆ ಎರಡರ ನಡುವಿನ ಅಂತರದಲ್ಲಿ. ರೋಗಿಗಳ ಹೆಸರು ಕೇಳಬೇಡಿ, ಅದೊಂದೇ ಕಾರಣಕ್ಕೆ ಇಡೀ ಅರ್ಜಿ ಬದಿಗೆ ಸರಿಯಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ದಿನ ಎಣಿಸುವುದು ನೀವು ಅಂಚೆಗೆ ಹಾಕಿದ ದಿನದಿಂದಲ್ಲ, ಅವರ ಕೈಸೇರಿದ ದಿನದಿಂದ. ಆದ್ದರಿಂದ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿಯನ್ನು ಅರ್ಜಿಯ ಪ್ರತಿಗೇ ಪಿನ್ ಮಾಡಿಡಿ.